ರೋಲ್ ನಂಬರಿನ ಗೆಳೆತನ

ಸರ್ಜನ್ ತೀರಿಕೊಂಡರೆ ಜನ ಅವನ ಕೈಗುಣ ನೆನೆಯುತ್ತಾರೆ. ನನ್ನ ಸಹಪಾಠಿಯ ವಿಷಯದಲ್ಲಿ ನಾನು ನೆನೆಯುವುದು ಅವನು ನಮ್ಮ ಬ್ಯಾಚನ್ನು ಕೊನೆತನಕ ಬಿಡದೆ ಹಿಡಿದಿಟ್ಟುಕೊಂಡದ್ದನ್ನು. ಅದರಿಂದ ಬದುಕಿದವರಲ್ಲಿ ನಾನು ಡಾಕ್ಟರಾಗಿರುವ ಹಳ್ಳಿ ತಿರ್ಲಾಪುರದವರೂ ಇದ್ದಾರೆ.

ಹುಬ್ಬಳ್ಳಿಯ ಮೆಡಿಕಲ್ ಕಾಲೇಜು, ಕೆಎಂಸಿ, 1957ರಲ್ಲಿ ಶುರುವಾಯಿತು. ನಾವು ಅಲ್ಲಿ ಓದಿದ್ದು ಎಪ್ಪತ್ತರ ದಶಕದಲ್ಲಿ. ಮೊದಲ ಒಂದೂವರೆ ವರ್ಷ ಅಂಗರಚನೆ, ಶರೀರಕ್ರಿಯೆ. ಫಾರ್ಮಾಲಿನ್ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ಮೇಜಿನ ಸುತ್ತ ನಿಂತು ಒಂದೇ ದೇಹವನ್ನು ಪದರ ಪದರವಾಗಿ ಬಿಡಿಸಬೇಕು. ಗುಂಪು ಬೀಳುತ್ತಿದ್ದುದು ರೋಲ್ ನಂಬರಿನ ಪ್ರಕಾರ. ವಾರ್ಡಿನಲ್ಲಿ, ಹೆರಿಗೆ ಕೋಣೆಯ ರಾತ್ರಿ ಪಾಳಿಯಲ್ಲಿ ಮತ್ತೆ ಅವರೇ ಜೊತೆಗೆ. ಯಾರು ಗಾಬರಿಯಾಗುತ್ತಾರೆ, ಯಾರ ಮಾತನ್ನು ಕಣ್ಣುಮುಚ್ಚಿ ನಂಬಬಹುದು ಎಂಬುದು ಅಲ್ಲೇ ತಿಳಿದುಬಿಡುತ್ತದೆ.

ಹಳ್ಳಿಯಲ್ಲಿ ಒಬ್ಬನೇ ಕೂತ ಡಾಕ್ಟರಿಗೆ ಆ ನಂಬಿಕೆ ಎಷ್ಟು ದೊಡ್ಡದೆಂದು ನನಗೆ ಗೊತ್ತು. ತೊಡೆಸಂದಿನ ಹರ್ನಿಯಾದಲ್ಲಿ ಕರುಳು ಸಿಕ್ಕಿ ಬಿಗಿದರೆ ಅದಕ್ಕೆ ರಕ್ತ ನಿಲ್ಲುತ್ತದೆ. ಕೆಲವೇ ತಾಸಿನಲ್ಲಿ ಕರುಳು ಸಾಯತೊಡಗುತ್ತದೆ. ಮಾತ್ರೆ, ಇಂಜೆಕ್ಷನ್ನಿಗೆ ಬಗ್ಗುವ ಕಾಯಿಲೆಯಲ್ಲ, ಕೂಡಲೇ ಆಪರೇಷನ್ ಆಗಬೇಕು. ಊರಿಗೆ ಫೋನ್ ಬಂದ ಹೊಸತರಲ್ಲಿ, ಮಳೆಗಾಲದ ನಡುರಾತ್ರಿ ಅಂಥ ಒಬ್ಬ ರೈತನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ತಂದರು. ಎರಿಮಣ್ಣಿನ ರಾಡಿ ಗಾಲಿಗೆ ಮೆತ್ತಿತ್ತು. ಆ ಸರ್ಜನ್ ಗೆಳೆಯನಿಗೆ ಫೋನ್ ಹಚ್ಚಿದೆ.

"ವಾಂತಿ ಯಾವಾಗಿಂದ? ಹೊಟ್ಟಿ ಉಬ್ಬೇತೇನು? ಬಾಯಿಲೆ ಏನೂ ಕುಡಿಸಬ್ಯಾಡ, ಸಲಾಯಿನ್ ಹಚ್ಚಿ ಕಳಿಸು. ಅರವಳಿಕಿಗೆ ನಮ್ಮ ಬ್ಯಾಚಿನವನ್ನ ಎಬ್ಬಸ್ತೀನಿ."

ದುಡ್ಡಿನ ಮಾತು ಅವನ ಬಾಯಲ್ಲಿ ಬರಲಿಲ್ಲ. ಆ ರೈತ ಕಡಲೆ ಸುಗ್ಗಿಗೆ ಹೊಲದಲ್ಲಿದ್ದ.

ಇದಕ್ಕೆಲ್ಲ ಆಧಾರವಾಗಿದ್ದು ಅವನ ಉದ್ದನೆಯ ಕೆಂಪು ವಹಿ, ಅಡತಿ ಅಂಗಡಿಯಲ್ಲಿ ಇಡುತ್ತಾರಲ್ಲ, ಅಂಥದ್ದು. ಒಬ್ಬೊಬ್ಬ ಸಹಪಾಠಿಗೆ ಒಂದೊಂದು ಪುಟ: ರೋಲ್ ನಂಬರು, ಊರು, ಯಾವ ಕಾಯಿಲೆಯ ಡಾಕ್ಟರು, ಮನೆಯ ಫೋನು. ವರ್ಗವಾದರೆ ಹಳೆಯ ವಿಳಾಸಕ್ಕೆ ಗೆರೆ ಎಳೆದು ಕೆಳಗೆ ಹೊಸದು ಬರೆಯುತ್ತಿದ್ದ. ಬ್ಯಾಚಿನವರು ಕೂಡುವ ದಿನ ಬಾರದವರಿಗೆ ರಾತ್ರಿ ಫೋನ್ ಮಾಡಿ ಮೈ ಹುಷಾರಿದೆಯೇ ಎಂದು ಕೇಳುತ್ತಿದ್ದ. ಹಳೆಯ ಗೆಳೆಯರು ಕೂಡುವುದು ಊಟಕ್ಕೆ, ಫೋಟೋಕ್ಕೆ ಎಂದುಕೊಂಡವರು ಈ ವಹಿಯನ್ನು ನೋಡಬೇಕಿತ್ತು.

ನಮ್ಮಲ್ಲೊಬ್ಬ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತದಿಂದ ಹೋದ. ಅವನ ಪುಟಕ್ಕೆ ಇವನು ಗೆರೆ ಎಳೆಯಲಿಲ್ಲ. ಹೆಂಡತಿಯ ನಂಬರು, ಮಗಳ ಶಾಲೆ ಬರೆದುಕೊಂಡ. ವರ್ಷಾ ವರ್ಷಾ ನಮ್ಮ ಹತ್ತಿರ ಪಟ್ಟಿ ಎತ್ತಿ ಆ ಹುಡುಗಿಯ ಫೀ ತುಂಬಿದ. ಅವಳೀಗ ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರು. ತಿರ್ಲಾಪುರದ ಕೂಸುಗಳನ್ನು ನಾನು ಅವಳ ಹತ್ತಿರವೇ ಕಳಿಸುತ್ತೇನೆ.