ಅದಮಾರಿನಿಂದ ಬಳ್ಳಾರಿಗೆ: ಡಾ| ಯು. ಆರ್. ರಾವ್ ಓದಿದ ದಾರಿ

ಭಾರತದ ಮೊದಲ ಉಪಗ್ರಹ 'ಆರ್ಯಭಟ'ವನ್ನು ರೂಪಿಸಿದ ತಂಡದ ನಾಯಕ ಡಾ| ಯು. ಆರ್. ರಾವ್ ನಮ್ಮ ಕರಾವಳಿಯವರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅವರ ಓದಿನಲ್ಲಿ ಬಳ್ಳಾರಿಗೂ ಒಂದು ಪಾಲಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಬಳ್ಳಾರಿಯ ಗಾಂಧಿನಗರದಲ್ಲಿ ಬೆಳೆಯುವ ಮಕ್ಕಳೂ ಅವರನ್ನು ನಮ್ಮೂರಲ್ಲಿ ಓದಿದವರು ಎಂದು ಧಾರಾಳವಾಗಿ ಹೇಳಬಹುದು.

ಉಡುಪಿ ರಾಮಚಂದ್ರ ರಾವ್ 1932ರ ಮಾರ್ಚ್ 10ರಂದು ಪಡುಬಿದ್ರಿ ಸಮೀಪದ ಅದಮಾರಿನಲ್ಲಿ ಜನಿಸಿದರು. ತಂದೆ ಲಕ್ಷ್ಮೀನಾರಾಯಣ ಆಚಾರ್ಯ, ತಾಯಿ ಕೃಷ್ಣವೇಣಿ ಅಮ್ಮ. ಪ್ರಾಥಮಿಕ ಶಿಕ್ಷಣ ಊರಿನಲ್ಲೇ ಆಯಿತು. ಮುಂದೆ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನವರ ವಿದ್ಯಾಸೇವೆಯಿಂದ ಬೆಳೆದ ಶಾಲೆ ಅದು. ಅಷ್ಟಮಠಗಳಲ್ಲಿ ಒಂದಾದ ಅದಮಾರು ಮಠದ ಊರಿನ ಹುಡುಗ ಮಿಶನ್ ಶಾಲೆಯಲ್ಲಿ ಕಲಿತದ್ದು ಕರಾವಳಿಯನ್ನು ಬಲ್ಲವರಿಗೆ ಆಶ್ಚರ್ಯದ ಸಂಗತಿಯಲ್ಲ.

ಹೈಸ್ಕೂಲು ಮುಗಿದ ಮೇಲೆ ಇಂಟರ್‌ಮೀಡಿಯೆಟ್. ಎರಡು ವರ್ಷದ ಈ ತರಗತಿ ಇಂದಿನ ಪಿ.ಯು.ಸಿ.ಯ ಸ್ಥಾನದಲ್ಲಿತ್ತು. ಇದನ್ನು ದಾಟದೆ ಪದವಿ ತರಗತಿಗೆ ಪ್ರವೇಶವಿರಲಿಲ್ಲ. ರಾವ್ ಹೈಸ್ಕೂಲಿನಲ್ಲಿದ್ದ ಕಾಲಕ್ಕೆ ಉಡುಪಿಯಲ್ಲಿ ಕಾಲೇಜೇ ಇರಲಿಲ್ಲ; ಎಂ.ಜಿ.ಎಂ. ಕಾಲೇಜು ಆರಂಭವಾದದ್ದು 1949ರಲ್ಲಿ. ರಾವ್ ಸೇರಿದ್ದು ಬಳ್ಳಾರಿಯ ವೀರಶೈವ ಕಾಲೇಜಿಗೆ. ಆಗಿನ್ನೂ ಅದು ಎಳೆಯ ಸಂಸ್ಥೆ, 1945ರಲ್ಲಷ್ಟೇ ಶುರುವಾದದ್ದು.

ಇಂದು ಭೂಪಟ ನೋಡಿದರೆ ಉಡುಪಿಯಿಂದ ಬಳ್ಳಾರಿಗೆ, ಅಲ್ಲಿಂದ ಅನಂತಪುರಕ್ಕೆ ಹೋದದ್ದು ವಿಚಿತ್ರವೆನಿಸೀತು. ಆದರೆ ಆ ದಿನಗಳಲ್ಲಿ ದಕ್ಷಿಣ ಕನ್ನಡ, ಬಳ್ಳಾರಿ, ಅನಂತಪುರ ಮೂರೂ ಮದರಾಸು ಪ್ರಾಂತ್ಯದ ಜಿಲ್ಲೆಗಳು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮದರಾಸು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪದವಿಯನ್ನು ರಾವ್ ಪಡೆದದ್ದು ಅನಂತಪುರದ ಸರಕಾರಿ ಕಾಲೇಜಿನಲ್ಲಿ ಓದಿ. ಹಾಗೆಂದು ದಾರಿ ಸುಲಭವಿತ್ತು ಎನ್ನುವಂತಿಲ್ಲ. ಉಡುಪಿಗೆ ರೈಲು ಬಂದದ್ದು 1990ರ ದಶಕದಲ್ಲಿ. ಮಳೆನಾಡಿನ ಹುಡುಗನಿಗೆ ಘಟ್ಟ ಹತ್ತಿ, ಬಯಲುಸೀಮೆ ದಾಟಿ ಬಳ್ಳಾರಿಯ ಬಿಸಿಲಿಗೆ ಹೊಂದಿಕೊಳ್ಳುವುದೇ ಒಂದು ಪಾಠ. ಈಗ ಗಾಳಿ ತಿರುಗಿದೆ. ಬಳ್ಳಾರಿ ಕಡೆಯ ತಂದೆತಾಯಂದಿರು ಮಕ್ಕಳನ್ನು ಪಿ.ಯು.ಸಿ.ಗೆಂದು ಮಂಗಳೂರು, ಮೂಡುಬಿದಿರೆಯ ಹಾಸ್ಟೆಲುಗಳಿಗೆ ಕಳುಹಿಸುತ್ತಾರೆ. ದೊಡ್ಡ ಹೆಸರಿನ ಕಾಲೇಜಿನಲ್ಲಿ ಸೀಟು ಸಿಗದಿದ್ದರೆ ಮಗುವಿನ ಭವಿಷ್ಯವೇ ಮುಗಿಯಿತೆಂದು ಕೊರಗುವವರೂ ಇದ್ದಾರೆ. ರಾವ್ ಅವರಿಗೆ ಅಡಿಪಾಯ ಹಾಕಿದ್ದು ಹೊಸದಾಗಿ ತೆರೆದ ಕಾಲೇಜು ಮತ್ತು ಒಂದು ಜಿಲ್ಲಾ ಕೇಂದ್ರದ ಸರಕಾರಿ ಕಾಲೇಜು ಎಂಬುದನ್ನು ಅಂಥವರು ತಿಳಿದರೆ ಒಳ್ಳೆಯದು.

ಅಲ್ಲಿಂದಾಚೆಯ ಓದು ಉತ್ತರ ಭಾರತದಲ್ಲಿ. 1954ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಿಂದ ಎಂ.ಎಸ್ಸಿ. ಮುಗಿಸಿದರು. ನಂತರ ಅಹಮದಾಬಾದಿನ ಭೌತಿಕ ಸಂಶೋಧನಾಲಯದಲ್ಲಿ ವಿಕ್ರಮ್ ಸಾರಾಭಾಯಿ ಅವರ ಶಿಷ್ಯರಾಗಿ ವಿಶ್ವಕಿರಣಗಳ ಅಧ್ಯಯನ ಮಾಡಿ, 1960ರಲ್ಲಿ ಪಿಎಚ್.ಡಿ. ಪಡೆದರು. ಹೊರಗಿನ ಆಕಾಶದಿಂದ ಭೂಮಿಗೆ ಸದಾ ಬಂದು ಬಡಿಯುವ ಅತಿವೇಗದ ಕಣಗಳೇ ವಿಶ್ವಕಿರಣಗಳು. ಸೂರ್ಯನ ಚಟುವಟಿಕೆಯಿಂದ ಇವು ಏರಿಳಿಯುತ್ತವೆ. ಹೀಗಾಗಿ ಅವುಗಳನ್ನು ಅಳೆಯುವವನು ಸೂರ್ಯನನ್ನೂ ಅರಿಯಬೇಕು. ಅಮೆರಿಕದ ಎಂ.ಐ.ಟಿ.ಗೆ ಹೋದ ರಾವ್, 'ಮ್ಯಾರಿನರ್-2' ನೌಕೆ ಕಳುಹಿಸಿದ ಮಾಹಿತಿಯ ಆಧಾರದಿಂದ ಸೂರ್ಯನಿಂದ ಕಣಗಳ ಗಾಳಿ ಎಡೆಬಿಡದೆ ಬೀಸುತ್ತಿರುತ್ತದೆ ಎಂದು ತೋರಿಸಿದವರಲ್ಲಿ ಒಬ್ಬರು.

1966ರಲ್ಲಿ ಅವರು ಅಹಮದಾಬಾದಿಗೆ ಮರಳಿದರು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಅವರ ತಂಡ ಸಿದ್ಧಪಡಿಸಿದ ಸುಮಾರು 360 ಕಿಲೋ ತೂಕದ ಆರ್ಯಭಟ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಕಕ್ಷೆ ಸೇರಿತು. 1984ರಿಂದ ಹತ್ತು ವರ್ಷ ಅವರು ಇಸ್ರೋ ಅಧ್ಯಕ್ಷರಾಗಿದ್ದರು. 2017ರ ಜುಲೈ 24ರಂದು ಬೆಂಗಳೂರಿನಲ್ಲಿ ನಿಧನರಾದರು. ಅಲ್ಲಿನ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರ ಹೆಸರನ್ನಿಡಲಾಯಿತು.