ಬೇರು ಕೆಳಮುಖವಾಗಿ ಬೆಳೆಯುವ ಬಗೆ

ಬಿತ್ತಿದ ಬೀಜವು ಮಣ್ಣಿನಲ್ಲಿ ಹೇಗೆಯೇ ಬಿದ್ದಿರಲಿ, ಅದರ ಬೇರು ಕೆಳಕ್ಕೂ ಕುಡಿ ಮೇಲಕ್ಕೂ ತಿರುಗುತ್ತವೆ. ನೆಲದೊಳಗಿನ ಕತ್ತಲೆಯಲ್ಲಿ ಮೊಳಕೆಗೆ ದಿಕ್ಕನ್ನು ತೋರಿಸುವುದು ಗುರುತ್ವಾಕರ್ಷಣೆ. ಅದಕ್ಕೆ ತಕ್ಕಂತೆ ಸಸ್ಯಾಂಗಗಳು ಬಾಗಿ ಬೆಳೆಯುವುದನ್ನು ನಾವು ಗುರುತ್ವಾನುವರ್ತನೆ ಎಂದು ಕರೆಯುತ್ತೇವೆ.

ಇದನ್ನು ಪ್ರಯೋಗದಿಂದ ತೋರಿಸಿದವನು ಇಂಗ್ಲೆಂಡಿನ ಥಾಮಸ್ ಆಂಡ್ರೂ ನೈಟ್. 1806ರಲ್ಲಿ ಅವನು ನೀರಿನ ಬಲದಿಂದ ವೇಗವಾಗಿ ತಿರುಗುವ ಚಕ್ರಕ್ಕೆ ಬೀಜಗಳನ್ನು ಕಟ್ಟಿ ಮೊಳೆಯಿಸಿದನು. ಬೇರುಗಳು ಹೊರಮುಖವಾಗಿಯೂ ಕುಡಿಗಳು ಚಕ್ರದ ನಡುವಿನ ಕಡೆಗೂ ಬೆಳೆದುವು. ಎಂದರೆ, ಇಲ್ಲಿ ಕೇಂದ್ರಾಪಗಾಮಿ ಬಲವು ಗುರುತ್ವದ ಸ್ಥಾನವನ್ನು ವಹಿಸಿತು. ಬೇರಿನ ತುದಿಯನ್ನು ಕತ್ತರಿಸಿದರೆ ಅದು ಬಾಗುವುದಿಲ್ಲವೆಂಬುದನ್ನು ಚಾರಲ್ಸ್ ಡಾರ್ವಿನ್ನನೂ ಅವನ ಮಗ ಫ್ರಾನ್ಸಿಸನೂ 1880ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಗುರುತ್ವವನ್ನು ಅರಿಯುವುದು ತುದಿ. ಬಾಗುವುದು ಅದರ ಹಿಂದಿನ ಭಾಗ.

ತುದಿಯನ್ನು ಮುಚ್ಚಿರುವ ಬೇರುಟೋಪಿಯ ಕೋಶಗಳಲ್ಲಿ ಪಿಷ್ಟ ತುಂಬಿದ ಕಣಗಳಿವೆ. ಬೇರನ್ನು ಅಡ್ಡವಾಗಿ ಇಟ್ಟರೆ, ಭಾರವಾದ ಈ ಕಣಗಳು ಕೆಲವೇ ನಿಮಿಷಗಳಲ್ಲಿ ಕೋಶದ ಹೊಸ ತಳಕ್ಕೆ ಇಳಿಯುತ್ತವೆ. ಇವೇ ಸಸ್ಯದ ತೂಕದ ಗುಂಡುಗಳೆಂದು ಹೇಬರ್‌ಲಾಂಟ್ ಮತ್ತು ನೆಮೆಟ್ಸ್ ಎಂಬ ವಿಜ್ಞಾನಿಗಳು 1900ರಲ್ಲಿ ಬೇರೆಬೇರೆಯಾಗಿ ಸೂಚಿಸಿದರು. ಕಣಗಳು ಇಳಿದ ಮೇಲೆ ಆಕ್ಸಿನ್ ಎಂಬ ಬೆಳವಣಿಗೆಯ ಚೋದಕವು ಅಂಗದ ಕೆಳಮಗ್ಗುಲಲ್ಲಿ ಹೆಚ್ಚಾಗಿ ಸೇರುತ್ತದೆ. ಬೇರಿನಲ್ಲಿ ಆ ಹೆಚ್ಚಳವು ಬೆಳವಣಿಗೆಯನ್ನು ತಡೆಯುವುದರಿಂದ ಬೇರು ಕೆಳಕ್ಕೆ ಬಾಗುತ್ತದೆ. ಕುಡಿಯಲ್ಲಿ ಅದೇ ಹೆಚ್ಚಳವು ಬೆಳವಣಿಗೆಯನ್ನು ಪ್ರಚೋದಿಸುವುದರಿಂದ ಕುಡಿ ಮೇಲೇಳುತ್ತದೆ. ವಸ್ತು ಒಂದೇ, ಫಲ ಎರಡು.

ಕಣಗಳು ಬಿದ್ದ ಸುದ್ದಿ ಆಕ್ಸಿನ್‌ಗೆ ಮುಟ್ಟುವುದೆಂತು? ಈ ಪ್ರಶ್ನೆ ಬಹುಕಾಲ ಬಿಡಿಸಲಾಗದೆ ಉಳಿದಿತ್ತು. ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಂಶೋಧನೆಗಳು ಇದರ ಮೇಲೆ ಬೆಳಕು ಚೆಲ್ಲಿವೆ. ಪಿಷ್ಟಕಣಗಳ ಮೈಮೇಲಿರುವ ‘ಲೇಜಿ’ ಪ್ರೋಟೀನುಗಳು, ಕಣವು ಇಳಿದ ಕಡೆ ಕೋಶದ ಪೊರೆಗೆ ದಾಟಿ, ಆಕ್ಸಿನ್ನಿನ ಹರಿವನ್ನು ಆ ಮಗ್ಗುಲಿಗೆ ತಿರುಗಿಸುತ್ತವೆ. ಇವು ಕೆಟ್ಟ ಗಿಡಗಳು ನೆಟ್ಟಗೆ ನಿಲ್ಲದೆ ನೆಲಕ್ಕೆ ಒರಗುತ್ತವೆ. ‘ಸೋಮಾರಿ’ ಎಂಬರ್ಥದ ಈ ಹೆಸರು ಬಂದುದು ಅದರಿಂದಲೇ.

ಈ ತಿಳಿವಳಿಕೆಯ ಬೆಲೆ ಪ್ರಯೋಗಶಾಲೆಗೆ ಸೀಮಿತವಲ್ಲ. ಇದೇ ಕುಟುಂಬಕ್ಕೆ ಸೇರಿದ ಡಿಆರ್‌ಒ1 ಎಂಬ ಜೀನನ್ನು ಆಳಬೇರಿನ ಭತ್ತದ ತಳಿಯೊಂದರಿಂದ ಮೇಲ್ಬೇರಿನ ಐಆರ್ 64 ತಳಿಗೆ ತಂದಾಗ, ಅದರ ಬೇರುಗಳು ಹೆಚ್ಚು ಕಡಿದಾಗಿ ನೆಲಕ್ಕಿಳಿದು, ಅನಾವೃಷ್ಟಿಯಲ್ಲಿಯೂ ಇಳುವರಿ ಉತ್ತಮವಾಗಿ ನಿಂತಿತೆಂದು ಜಪಾನಿನ ವಿಜ್ಞಾನಿಗಳು 2013ರಲ್ಲಿ ವರದಿಮಾಡಿದರು. ಮೇಲ್ಮಣ್ಣು ಒಣಗಿದಾಗ ತೇವವಿರುವುದು ಆಳದಲ್ಲಿ. ಮಳೆಯನ್ನೇ ನಂಬಿದ ಹೊಲದಲ್ಲಿ ಬೇರು ಹಿಡಿದ ಕೋನವೇ ಪೈರಿನ ಅಳಿವು ಉಳಿವುಗಳನ್ನು ನಿರ್ಧರಿಸಬಹುದೆಂಬುದನ್ನು ನಾವು ಮರೆಯಲಾಗದು.