ಕೋವಿಯ ಹಿಡಿಮರ ಮತ್ತು ಗುರಿಕಾರನ ಮೈಕಟ್ಟು

ಆಯುಧವು ಅದನ್ನು ಹಿಡಿಯುವವನ ಮೈಗೆ ಹೊಂದಿರಬೇಕೆಂಬುದು ಹೊಸ ಮಾತೇನೂ ಅಲ್ಲ. ಅಗ್ನಿಪುರಾಣದ ಧನುರ್ವೇದ ಪ್ರಕರಣದಲ್ಲಿ ಬಿಲ್ಲಿನ ಉದ್ದವನ್ನು ಹಸ್ತಗಳ ಲೆಕ್ಕದಲ್ಲಿ ಹೇಳಿ, ನಾಲ್ಕು ಹಸ್ತದ ಬಿಲ್ಲು ಉತ್ತಮ, ಮೂರೂವರೆಯದು ಮಧ್ಯಮ, ಮೂರರದು ಕನಿಷ್ಠ ಎಂದು ವಿಂಗಡಿಸಲಾಗಿದೆ. ಹಸ್ತವೆಂದರೆ ಮೊಳಕೈಯಿಂದ ನಡುಬೆರಳ ತುದಿಯವರೆಗಿನ ಅಳತೆ. ಅಂದಮೇಲೆ ಬಿಲ್ಲಿನ ಅಳತೆಯ ಮೂಲವು ಮನುಷ್ಯದೇಹವೇ ಆಗಿದ್ದಿತು. ಕಾರ್ಖಾನೆಗಳ ಯುಗ ಬಂದು, ಒಂದೇ ಅಚ್ಚಿನ ಸಾವಿರಾರು ಕೋವಿಗಳು ಹೊರಬೀಳತೊಡಗಿದ ಮೇಲೆ ಅಳತೆ ಯಂತ್ರದ ಪಾಲಾಯಿತು. ಆದರೆ ಕೋವಿಯನ್ನು ಎತ್ತುವ ಮೈಗಳು ಮಾತ್ರ ಹಿಂದಿನಂತೆಯೇ ಬೇರೆ ಬೇರೆಯಾಗಿ ಉಳಿದವು.

೧೯೪೮ರಲ್ಲಿ ರಾಷ್ಟ್ರೀಯ ಛಾತ್ರ ಸೇನೆ, ಅಂದರೆ ಎನ್.ಸಿ.ಸಿ., ಸ್ಥಾಪಿತವಾದಂದಿನಿಂದ ಶಾಲಾ ಕಾಲೇಜುಗಳ ಮಕ್ಕಳಿಗೂ ಗುರಿಯಿಡುವ ಅಭ್ಯಾಸವು ದೊರೆಯುತ್ತ ಬಂದಿದೆ. ಪಾಯಿಂಟ್ ಟೂ ಟೂ ರೈಫಲನ್ನು ಹಿಡಿದು ೨೫ ಗಜ ದೂರದ ಕಾಗದಕ್ಕೆ ಗುಂಡು ಹಾರಿಸಿದ ಹುಡುಗನೊಬ್ಬನ ಈಡುಗಳು ಚೆಲ್ಲಾಪಿಲ್ಲಿಯಾದರೆ, "ಇವನ ಕೈ ನಡುಗುತ್ತದೆ, ಕಣ್ಣು ಸೂಕ್ಷ್ಮವಲ್ಲ" ಎಂಬ ತೀರ್ಪು ಒಡನೆಯೇ ಹೊರಬೀಳುತ್ತದೆ. ಆ ತೀರ್ಪು ಕೆಲವೊಮ್ಮೆ ನಿಜವಿರಬಹುದು. ಆದರೆ ಎಷ್ಟೋ ವೇಳೆ ದೋಷವಿರುವುದು ಹುಡುಗನಲ್ಲಲ್ಲ, ಅವನ ಹೆಗಲಿಗೆ ಆನಿಸಿದ ಮರದಲ್ಲಿ. ಹೀಗಿರುವಲ್ಲಿ ಆ ಮರದ ಗುಣಧರ್ಮಗಳನ್ನು ತಿಳಿಯುವುದು ಪ್ರಯೋಜನಕರ.

ಹಿಡಿಮರದ ಕಾರ್ಯ

ನಳಿಗೆ ಮತ್ತು ಯಂತ್ರಭಾಗಗಳನ್ನು ಹೊತ್ತು, ಹಿಂದಕ್ಕೆ ಚಾಚಿ, ಹೆಗಲಿಗೆ ಆನುವ ಭಾಗಕ್ಕೆ ಸ್ಟಾಕ್ ಎಂದು ಹೆಸರು. ಅದನ್ನು ಕನ್ನಡದಲ್ಲಿ ಹಿಡಿಮರವೆನ್ನಬಹುದು. ಇಂದು ಅದು ಲೋಹದ್ದೋ ಪ್ಲಾಸ್ಟಿಕ್ಕಿನದೋ ಆಗಿರಬಹುದಾದರೂ ಹೆಸರಿಗೆ ಬಾಧಕವಿಲ್ಲ. ಹಿಡಿಮರವು ಗುರಿಕಾರನನ್ನು ನಾಲ್ಕು ಕಡೆ ಮುಟ್ಟುತ್ತದೆ: ಹೆಗಲು, ಕೆನ್ನೆ, ಟ್ರಿಗರನ್ನು ಎಳೆಯುವ ಕೈ, ಮುಂದೆ ಆಧಾರ ಕೊಡುವ ಕೈ. ಈ ನಾಲ್ಕೂ ಸ್ಪರ್ಶಗಳು ಪ್ರತಿ ಈಡಿಗೂ ಒಂದೇ ರೀತಿಯಲ್ಲಿ, ಸ್ನಾಯುಗಳಿಗೆ ಆಯಾಸವಿಲ್ಲದೆ ಒದಗಿಬಂದರೆ ಕೋವಿ ಮೈಗೆ ಹೊಂದಿತೆಂದು ಅರ್ಥ. ಒಂದು ತಪ್ಪಿದರೂ ಉಳಿದ ಮೂರು ಅದನ್ನು ಸರಿದೂಗಿಸಲು ಹೆಣಗುತ್ತವೆ. ಆ ಹೆಣಗಾಟವೇ ಗುರಿಗೆ ಶತ್ರು.

ಉದ್ದದ ವಿಚಾರ

ಟ್ರಿಗರಿನಿಂದ ಹಿಡಿಮರದ ಹಿಂಬುಡದವರೆಗಿನ ದೂರವೇ ಮೊದಲನೆಯ ಅಳತೆ. ಇದು ಅತಿಯಾಗಿ ಉದ್ದವಾದರೆ ಗುರಿಕಾರನು ತಲೆಯನ್ನು ಮುಂದಕ್ಕೆ ಚಾಚಬೇಕಾಗುತ್ತದೆ. ಕೋವಿಯನ್ನೆತ್ತುವಾಗ ಬುಡವು ಕಂಕುಳ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬುಡವು ಹೆಗಲ ಗುಳಿಯಲ್ಲಿ ಕೂರದೆ ತೋಳಿನ ಮಾಂಸದ ಮೇಲೆ ಜಾರುತ್ತದೆ. ಟ್ರಿಗರನ್ನು ಬೆರಳ ತುದಿಯಿಂದ ಕಷ್ಟದಿಂದ ಎಟುಕಿಸಿ ಎಳೆಯುವುದರಿಂದ ನಳಿಗೆ ಪಕ್ಕಕ್ಕೆ ಸೆಳೆಯಲ್ಪಡುತ್ತದೆ. ಮುಂಗೈಯನ್ನು ನೀಳವಾಗಿ ಚಾಚಿ ಭಾರ ಹೊರಬೇಕಾದುದರಿಂದ ಸೊಂಟವು ಹಿಂದಕ್ಕೆ ಬಾಗಿ, ಮೈಯೆಲ್ಲ ತೂಗಾಡತೊಡಗುತ್ತದೆ. ಅತಿ ಗಿಡ್ಡವಾದರೆ ಸಂಕಟ ಬೇರೆ ಬಗೆಯದು: ಒದೆತಕ್ಕೆ ಹೆಬ್ಬೆರಳು ಮೂಗಿಗೆ ಬಡಿಯಬಹುದು, ದೂರದರ್ಶಕವನ್ನು ಜೋಡಿಸಿದ್ದಲ್ಲಿ ಅದರ ಅಂಚು ಹುಬ್ಬನ್ನು ಸೀಳಬಹುದು.

ಉದ್ದವು ತೋಳಿನ ಅಳತೆಯೊಂದನ್ನೇ ಅವಲಂಬಿಸಿಲ್ಲ. ಕುತ್ತಿಗೆಯ ನೀಳ, ಎದೆಯ ಅಗಲ, ನಿಲ್ಲುವ ಭಂಗಿ, ಕೊನೆಗೆ ತೊಟ್ಟ ಬಟ್ಟೆ ಕೂಡ ಲೆಕ್ಕಕ್ಕೆ ಬರುತ್ತವೆ. ಅಂಗಿ ತೊಟ್ಟವನಿಗೆ ಸರಿಹೊಂದಿದ ಕೋವಿ, ಹಿಮಪ್ರದೇಶದ ದಪ್ಪ ಕೋಟು ತೊಟ್ಟಾಗ ಅದೇ ಮನುಷ್ಯನಿಗೆ ಉದ್ದವಾಗಿ ಪರಿಣಮಿಸುತ್ತದೆ.

ಕೆನ್ನೆ ಮತ್ತು ಕಣ್ಣು

ಉದ್ದಕ್ಕಿಂತಲೂ ಸೂಕ್ಷ್ಮವಾದುದು ಕೆನ್ನೆಯನ್ನಿಡುವ ಅಂಚಿನ ಎತ್ತರ. ಇದನ್ನು ಕೆನ್ನೆಯೊರಗು ಎನ್ನೋಣ. ರೈಫಲಿನಲ್ಲಿ ಕಣ್ಣಿಗೆ ಸಮೀಪದಲ್ಲಿ ಹಿಂಗುರಿಯೂ ನಳಿಗೆಯ ತುದಿಯಲ್ಲಿ ಮುಂಗುರಿಯೂ ಇರುತ್ತವೆ. ಕಣ್ಣು, ಹಿಂಗುರಿ, ಮುಂಗುರಿ, ಲಕ್ಷ್ಯ ಈ ನಾಲ್ಕೂ ಒಂದೇ ರೇಖೆಗೆ ಬರಬೇಕು. ಕಣ್ಣಿನ ಸ್ಥಾನವನ್ನು ನಿರ್ಧರಿಸುವುದು ಕೆನ್ನೆ. ಕೆನ್ನೆಯ ಸ್ಥಾನವನ್ನು ನಿರ್ಧರಿಸುವುದು ಮರ.

ಈ ಹೊಂದಿಕೆ ತಪ್ಪಿದರೆ ಆಗುವ ನಷ್ಟವನ್ನು ಸರಳ ಗಣಿತದಿಂದ ತಿಳಿಯಬಹುದು. ಎರಡು ಗುರಿಗಳ ನಡುವಿನ ಅಂತರ ಅರ್ಧ ಮೀಟರ್ ಎಂದಿಟ್ಟುಕೊಂಡರೆ, ಮುಂಗುರಿಯು ಹಿಂಗುರಿಯ ಕಚ್ಚಿನೊಳಗೆ ಒಂದೇ ಒಂದು ಮಿಲಿಮೀಟರಿನಷ್ಟು ಮೇಲೆದ್ದು ನಿಂತರೂ, ೧೦೦ ಮೀಟರ್ ದೂರದಲ್ಲಿ ಗುಂಡು ೨೦ ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ಎನ್.ಸಿ.ಸಿ. ಬಾಲಕನ ೨೫ ಗಜದ ಲಕ್ಷ್ಯದಲ್ಲಿಯೂ ಇದು ಸುಮಾರು ನಾಲ್ಕೂವರೆ ಸೆಂಟಿಮೀಟರ್ ಆಗುತ್ತದೆ. ಕೆನ್ನೆಯೊರಗು ತಗ್ಗಾಗಿದ್ದರೆ ಕೆನ್ನೆಯು ಮರವನ್ನು ಮುಟ್ಟದೆ ತೇಲುತ್ತದೆ; ಕೆಲವರು ಗಲ್ಲವನ್ನಷ್ಟೇ ಆನಿಸಿಕೊಳ್ಳುತ್ತಾರೆ. ತೇಲುವ ತಲೆಯು ಪ್ರತಿ ಸಲವೂ ಬೇರೆ ಜಾಗದಲ್ಲಿ ನಿಲ್ಲುವುದರಿಂದ ಪ್ರತಿ ಈಡೂ ಬೇರೆ ಜಾಗಕ್ಕೆ ಬೀಳುತ್ತದೆ. ಎತ್ತರವಾಗಿದ್ದರೆ ಗುರಿಗಳನ್ನು ಕಾಣಲು ಕೆನ್ನೆಯನ್ನು ಬಲವಂತವಾಗಿ ಅದುಮಬೇಕಾಗಿ, ಕುತ್ತಿಗೆ ಬಿಗಿಯುತ್ತದೆ. ಪಕ್ಷಿಬೇಟೆಗೆಂದು ಹುಟ್ಟಿದ ಶಾಟ್‌ಗನ್ನಿನಲ್ಲಿ ಸಾಮಾನ್ಯವಾಗಿ ಹಿಂಗುರಿಯೇ ಇಲ್ಲ; ಕಣ್ಣೇ ಹಿಂಗುರಿ. ಆದುದರಿಂದ ಅಲ್ಲಿ ಹಿಡಿಮರದ ಹೊಂದಿಕೆಗೆ ಇನ್ನೂ ಹೆಚ್ಚಿನ ಮಹತ್ತ್ವವುಂಟು.

ಬಲಗೈಯವನ ಕಣ್ಣು ಗುರಿರೇಖೆಗೆ ಸುಲಭವಾಗಿ ಬರಲೆಂದು ಹಿಡಿಮರವನ್ನು ಕೊಂಚ ಬಲಕ್ಕೆ ವಾಲಿಸುವುದುಂಟು. ಎಡಗೈಯವನಿಗೆ ಅದೇ ವಾಲು ವಿರುದ್ಧವಾಗಿ ಕೆಲಸಮಾಡುತ್ತದೆ. ಬಲಗೈಯವನಾದರೂ ಎಡಗಣ್ಣು ಪ್ರಬಲವಾಗಿರುವವನು ಉಂಟು. ಎರಡೂ ಕಣ್ಣು ತೆರೆದು ದೂರದ ಕಂಬವೊಂದಕ್ಕೆ ಬೆರಳು ತೋರಿ, ಅನಂತರ ಒಂದೊಂದೇ ಕಣ್ಣನ್ನು ಮುಚ್ಚಿದರೆ, ಯಾವ ಕಣ್ಣು ತೆರೆದಿರುವಾಗ ಬೆರಳು ಕಂಬದ ಮೇಲೆಯೇ ನಿಲ್ಲುವುದೋ ಅದೇ ಪ್ರಧಾನ ನೇತ್ರ.

ಒದೆತ ಮತ್ತು ಭಯ

ಹಳೆಯ ತ್ರೀ ನಾಟ್ ತ್ರೀ ರೈಫಲಿನ ಗುಂಡು ಸುಮಾರು ೧೧ ಗ್ರಾಂ ತೂಗುತ್ತಿದ್ದು, ಸೆಕೆಂಡಿಗೆ ೭೪೦ ಮೀಟರಿನಷ್ಟು ವೇಗದಲ್ಲಿ ಹೊರಡುತ್ತಿತ್ತು. ಅದರ ಪ್ರತಿಕ್ರಿಯೆಯಾಗಿ ನಾಲ್ಕು ಕಿಲೋಗ್ರಾಂ ತೂಕದ ಕೋವಿಯು ಸೆಕೆಂಡಿಗೆ ಎರಡು ಮೀಟರಿಗೂ ಮಿಕ್ಕ ವೇಗದಲ್ಲಿ ಹಿಂದಕ್ಕೆ ನುಗ್ಗುತ್ತದೆ. ಮದ್ದಿನ ಅನಿಲದ ವೇಗವೂ ಸೇರಿ ಅದು ಇನ್ನಷ್ಟು ಹೆಚ್ಚುತ್ತದೆ. ಈ ಒದೆತವನ್ನು ಹಿಡಿಮರವು ಇಲ್ಲವಾಗಿಸಲಾರದು, ಹಂಚಬಲ್ಲದು. ಬುಡವು ಹೆಗಲ ಗುಳಿಯಲ್ಲಿ ಪೂರ್ತಿಯಾಗಿ ಕೂತರೆ ಅದೇ ಬಲವು ಅಗಲವಾದ ಜಾಗದ ಮೇಲೆ ಹರಡುತ್ತದೆ. ಬುಡದ ಕೆಳತುದಿ ಮಾತ್ರ ತಾಗಿದರೆ ಎದೆಯ ಮೇಲೆ ಕಪ್ಪುಗಟ್ಟುತ್ತದೆ. ಹಿಂಬುಡವು ಗುರಿರೇಖೆಗಿಂತ ಬಹಳ ಕೆಳಗಿದ್ದರೆ ನಳಿಗೆಯು ಮೇಲಕ್ಕೆ ಚಿಮ್ಮಿ, ಮರವು ಕೆನ್ನೆಗೆ ಹೊಡೆಯುತ್ತದೆ.

ನೋವಿಗಿಂತ ನೋವಿನ ನೆನಪು ಕೆಟ್ಟದ್ದು. ಒಮ್ಮೆ ಪೆಟ್ಟು ತಿಂದ ಹೆಗಲು ಮುಂದಿನ ಈಡಿಗೆ ಮುನ್ನವೇ ಬೆಚ್ಚುತ್ತದೆ. ಟ್ರಿಗರ್ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತದೆ, ಮೈ ಹಿಂಜರಿಯುತ್ತದೆ, ಗುಂಡು ಎತ್ತಲೋ ಹೋಗುತ್ತದೆ. ನೋಡುವವರು ಅದನ್ನು ಅಂಜುಬುರುಕತನವೆನ್ನುತ್ತಾರೆ. ಈ ಅಭ್ಯಾಸ ಒಮ್ಮೆ ಬೇರೂರಿತೆಂದರೆ ಕೀಳುವುದು ದುಸ್ತರ.

ಸೈನ್ಯಗಳು ಕಲಿತ ಪಾಠ

ಒಂದೇ ಅಳತೆ ಎಲ್ಲರಿಗೂ ಒಪ್ಪದೆಂಬುದನ್ನು ಸೈನ್ಯಗಳು ಬಲ್ಲವು. ಬಂಗಾಳದ ಇಷಾಪುರದಲ್ಲಿಯೂ ತಯಾರಾಗುತ್ತಿದ್ದ ಲೀ ಎನ್‌ಫೀಲ್ಡ್ ರೈಫಲಿಗೆ ಸಾಮಾನ್ಯ ಅಳತೆಯ ಬುಡವಲ್ಲದೆ, ಅರ್ಧ ಅಂಗುಲ ಉದ್ದದ್ದು, ಅರ್ಧ ಅಂಗುಲ ಗಿಡ್ಡದ್ದು, ಒಂದು ಅಂಗುಲ ಗಿಡ್ಡದ್ದು ಹೀಗೆ ಬೇರೆ ಬೇರೆ ಬುಡಗಳಿದ್ದವು. ಕೊನೆಯದಕ್ಕೆ ಬ್ಯಾಂಟಮ್ ಎಂದು ಹೆಸರು. ೧೯೧೪ರಲ್ಲಿ ಬ್ರಿಟನ್ನಿನ ಬರ್ಕನ್‌ಹೆಡ್ಡಿನಲ್ಲಿ, ಐದಡಿ ಮೂರಂಗುಲಕ್ಕಿಂತ ಗಿಡ್ಡವೆಂದು ಸೇನೆಯು ತಿರಸ್ಕರಿಸಿದ್ದ ಗಟ್ಟಿಗರನ್ನು ಕೂಡಿಸಿ ಕಟ್ಟಿದ ದಳಗಳಿಗೂ ಅದೇ ಹೆಸರು. ಹೆಚ್ಚುಕಡಿಮೆ ಅರ್ಧ ಅಂಗುಲದ ವ್ಯತ್ಯಾಸಕ್ಕಾಗಿ ಪ್ರತ್ಯೇಕ ಬುಡಗಳನ್ನು ತಯಾರಿಸಿ ದಾಸ್ತಾನಿಟ್ಟರೆಂಬುದು ಗಮನಾರ್ಹ. ಅಮೆರಿಕದ ಎಂ-೧೬ ರೈಫಲಿನ ಎ-೨ ಮಾದರಿಯಲ್ಲಿ ಬುಡವನ್ನು ಅಂಗುಲದ ಎಂಟರಲ್ಲಿ ಐದು ಭಾಗದಷ್ಟು ಉದ್ದ ಮಾಡಿದರು. ಗಿಡ್ಡ ಮೈಕಟ್ಟಿನವರಿಗೆ ಅದು ಅನನುಕೂಲವಾಯಿತು. ಅನಂತರದ ಎಂ-೪ ಕೋವಿಗೆ ಬೇಕೆಂದಂತೆ ಎಳೆದು ಕುಗ್ಗಿಸುವ ಬುಡವೇ ಬಂದಿತು.

ಕ್ರೀಡಾರಂಗದಲ್ಲಿ ಈ ತತ್ತ್ವವು ಪರಾಕಾಷ್ಠೆಗೆ ಮುಟ್ಟಿದೆ. ೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ೧೦ ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ, ಹತ್ತು ಅಂಕದ ಕೇಂದ್ರಬಿಂದುವಿನ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಅಂಥ ರೈಫಲಿನ ಬುಡ, ಕೆನ್ನೆಯೊರಗು, ಹಿಡಿ ಎಲ್ಲವನ್ನೂ ತಿರುಪುಗಳಿಂದ ಮಿಲಿಮೀಟರ್ ಲೆಕ್ಕದಲ್ಲಿ ಸರಿಸಬಹುದು. ೨೦೨೪ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗಳಿಸಿದ ಸ್ಪರ್ಧೆ ಮೊಣಕಾಲೂರಿ, ಮಲಗಿ, ನಿಂತು ಹೀಗೆ ಮೂರು ಭಂಗಿಗಳದು. ಅಲ್ಲಿ ಭಂಗಿ ಬದಲಾದಂತೆ ಹಿಡಿಮರದ ಅಳತೆಗಳನ್ನೂ ಬದಲಿಸಿಕೊಳ್ಳುತ್ತಾರೆ. ಒಬ್ಬನೇ ಮನುಷ್ಯನಿಗೆ ಮೂರು ಅಳತೆ ಬೇಕಾದರೆ, ಮೂವತ್ತು ಮಂದಿಗೆ ಒಂದೇ ಅಳತೆ ಹೇಗೆ ಸಾಕಾದೀತು?

ಪರೀಕ್ಷೆ ಮತ್ತು ಪರಿಹಾರ

ಹೊಂದಿಕೆಯನ್ನು ಪರೀಕ್ಷಿಸುವ ಕ್ರಮ ಸುಲಭ. ಕೋವಿ ಬರಿದಾಗಿದೆಯೆಂಬುದನ್ನು ಮೊದಲು ಎರಡು ಬಾರಿ ಖಚಿತಪಡಿಸಿಕೊಳ್ಳಬೇಕು. ಅನಂತರ ಸುರಕ್ಷಿತ ದಿಕ್ಕಿಗೆ ಮುಖಮಾಡಿ, ಕಣ್ಣು ಮುಚ್ಚಿ, ಕೋವಿಯನ್ನು ಹೆಗಲಿಗಾನಿಸಿ, ಕೆನ್ನೆಯನ್ನು ಹಿತವೆನಿಸುವಂತೆ ಇಟ್ಟು ಕಣ್ಣು ತೆರೆಯಬೇಕು. ಗುರಿಗಳು ತಾವಾಗಿಯೇ ಒಂದು ರೇಖೆಯಲ್ಲಿ ಕಂಡರೆ ಕೋವಿ ಹೊಂದಿದೆ. ತಲೆಯನ್ನು ಕದಲಿಸಬೇಕಾಗಿ ಬಂದರೆ ಹೊಂದಿಲ್ಲ. ಮೂಗಿಗೂ ಹೆಬ್ಬೆರಳಿಗೂ ನಡುವೆ ಎರಡು ಮೂರು ಬೆರಳಷ್ಟು ಎಡೆಯಿರಬೇಕು. ಮೊಳಕೈಯನ್ನು ಮಡಿಸಿ, ಬುಡವನ್ನು ಅದರ ಒಳಮಡಿಕೆಗೆ ಆನಿಸಿ, ಬೆರಳು ಟ್ರಿಗರಿಗೆ ಎಟುಕುವುದೋ ಎಂದು ನೋಡುವ ರೂಢಿಯೂ ಉಂಟು. ಅದು ಸ್ಥೂಲವಾದ ಅಳತೆ ಮಾತ್ರ.

ಪರಿಹಾರಗಳು ದುಬಾರಿಯವಲ್ಲ. ಗಿಡ್ಡವಾದ ಬುಡಕ್ಕೆ ರಬ್ಬರಿನ ಮೆತ್ತೆ, ತಗ್ಗಾದ ಕೆನ್ನೆಯೊರಗಿಗೆ ಚರ್ಮದ ಪಟ್ಟಿ ಸಾಕು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳನ್ನು ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನಾಡುವ ಸಂಪ್ರದಾಯವಿದೆ. ಅಂಥ ಕಡೆ ಅಜ್ಜನ ಕೋವಿಯನ್ನು ಮೊಮ್ಮಗಳು ಎತ್ತುವಾಗ ಈ ವಿಚಾರವು ತಾನಾಗಿಯೇ ಎದುರಾಗುತ್ತದೆ. ತೋಳು ಗಿಡ್ಡ, ಕುತ್ತಿಗೆ ನೀಳವಾದವರಿಗೆ ಉದ್ದ ಕಡಿಮೆಯಿದ್ದು ಕೆನ್ನೆಯೊರಗು ಎತ್ತರವಿರುವುದು ಲೇಸು. ಬೆಳೆಯುವ ಮಕ್ಕಳಿಗಾಗಿ ಬುಡವನ್ನು ಕತ್ತರಿಸಿದರೆ, ಕತ್ತರಿಸಿದ ತುಂಡನ್ನು ಜೋಪಾನವಾಗಿಡುವುದು ಜಾಣತನ. ಮಗು ಬೆಳೆದಂತೆ ಅದನ್ನು ಮತ್ತೆ ಜೋಡಿಸಬಹುದು.

ಹೊಂದಿದ ಹಿಡಿಮರವು ಅಭ್ಯಾಸವಿಲ್ಲದವನನ್ನು ಗುರಿಕಾರನನ್ನಾಗಿ ಮಾಡದು, ನಿಜ. ಉಸಿರಿನ ಹತೋಟಿ, ಬೆರಳ ಮೃದುತ್ವ, ಮನಸ್ಸಿನ ಸ್ಥೈರ್ಯ ಇವು ಸಾಧನೆಯಿಂದಲೇ ಬರತಕ್ಕವು. ಆದರೆ ಹೊಂದದ ಹಿಡಿಮರವು ಆ ಸಾಧನೆಯನ್ನೆಲ್ಲ ವ್ಯರ್ಥಗೊಳಿಸಬಲ್ಲದು. ಆದಕಾರಣ ಕಲಿಸುವವರು ಕಾಗದದ ಮೇಲೆ ಚೆಲ್ಲಿದ ತೂತುಗಳನ್ನೆಣಿಸಿ ಹುಡುಗನನ್ನು ಪಂಕ್ತಿಯಿಂದ ಹೊರಗೆ ಕಳಿಸುವ ಮೊದಲು, ಅವನ ಕೆನ್ನೆ ಎಲ್ಲಿದೆ, ಬುಡ ಎಲ್ಲಿ ಕೂತಿದೆ, ಬೆರಳು ಎಷ್ಟು ಎಟುಕುತ್ತಿದೆ ಎಂಬುದನ್ನು ಒಮ್ಮೆ ಬಾಗಿ ನೋಡುವುದು ಯುಕ್ತ. ಅಂಗುಲದರ್ಧ ಮರವನ್ನು ಸರಿಪಡಿಸುವುದು ಸುಲಭ. ತನ್ನಿಂದಾಗದೆಂದು ಕೈಚೆಲ್ಲಿದ ಮಗುವಿನ ಮನಸ್ಸನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ.